ಕಿಲೋ–ಮೀಟರ್ ಜಗಳ: ಇಆರ್‌ಪಿಯಲ್ಲಿ ಸ್ಟಾಕ್ ತಾಳೆಯಾಗಿದ್ದು ಹೀಗೆ

ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಇಆರ್‌ಪಿನೆಕ್ಸ್ಟ್ (ಖರೀದಿ, ಸ್ಟಾಕ್, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್) ಬಂದ ಮೇಲೂ ಸ್ಟೀಲ್ ರಾಡ್ ಸ್ಟಾಕ್ ತಾಳೆಯಾಗುತ್ತಿರಲಿಲ್ಲ. ಪರ್ಚೇಸ್‌ನವರದು ಕಿಲೋ ಲೆಕ್ಕ, ಸ್ಟೋರ್ಸ್‌ನವರದು ಮೀಟರ್ ಲೆಕ್ಕ. ನಡುವೆ ಒಂದು ಎಕ್ಸೆಲ್ ಶೀಟು, ಅದರೊಳಗೇನಿದೆಯೋ ದೇವರೇ ಬಲ್ಲ!

ಕಿಲೋ–ಮೀಟರ್ ಪರಿವರ್ತನೆಯನ್ನು ಸಾಫ್ಟ್‌ವೇರ್‌ನ ಐಟಂ ಮಾಸ್ಟರ್‌ನಲ್ಲೇ (ಪ್ರತಿ ವಸ್ತುವಿನ ವಿವರ ಇರುವ ದಾಖಲೆ) ಕೂರಿಸಿದೆ. ದುಂಡು ರಾಡಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 25 ಮಿ.ಮೀ. ರಾಡಿಗೆ ಸುಮಾರು 3.86 ಕಿಲೋ. ಸ್ಟಾಕ್ ಯೂನಿಟ್ (ಸ್ಟಾಕ್ ಎಣಿಸುವ ಅಳತೆ) ಮೀಟರ್ ಆದ್ದರಿಂದ ಕಿಲೋದ ಮುಂದೆ ಹಾಕಬೇಕಾದ್ದು ಇದರ ತಲೆಕೆಳಗು, ಅಂದರೆ ಒಂದು ಕಿಲೋಗೆ ಎಷ್ಟು ಮೀಟರ್ ಎಂಬುದು: 1 ÷ 3.86 = 0.259. ಎಡವುವುದು ಇಲ್ಲೇ.

ವಹಿವಾಟು ನಡೆದ ಐಟಂಗೆ ಸ್ಟಾಕ್ ಯೂನಿಟ್ ಬದಲಿಸಲು ಇಆರ್‌ಪಿನೆಕ್ಸ್ಟ್ ಬಿಡಲ್ಲ. ಹಾಗಾಗಿ ಹೊಸ ಐಟಂ ಕೋಡ್ ಮಾಡಿ ಉಳಿಕೆ ವರ್ಗಾಯಿಸಿದೆ. ಈಗ ಆರ್ಡರ್, ರಸೀದಿ, ಬಿಲ್ಲು ಒಂದಕ್ಕೊಂದು ಕೂಡುತ್ತವೆ, ಅಕೌಂಟ್ಸ್‌ನಿಂದ ಫೋನ್ ಬರಲ್ಲ. ಕತ್ತರಿಸಿ ಉಳಿದ ತುಂಡುಗಳನ್ನು ಸ್ಕ್ರ್ಯಾಪ್ ಎಂದು ಬೇರೆಯಾಗಿಯೇ ಬರೆಯಬೇಕು.