ಕಾಲ್‌ಬ್ಯಾಕ್‌ನೊಳಗೆ ‘ದಿಸ್’: ನನ್ನ ಅನುಭವ

ಉದ್ದನೆಯ ಅರ್ಜಿ ನಮೂನೆಯನ್ನು ತುಂಬುವವರು ಬರೆದದ್ದು ನಡುವೆ ಕಳೆದುಹೋಗದಂತೆ ತಾನಾಗಿ ಉಳಿಸಿಡುವ ಕ್ಲಾಸೊಂದನ್ನು ನಾನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬೇಕಾಗಿತ್ತು. ಅದರ ‘ಸೇವ್’ ಮೆಥಡ್ಡನ್ನು (ಕ್ಲಾಸಿನೊಳಗಿನ ಫಂಕ್ಷನ್) ಟೆಕ್ಸ್ಟ್‌ಏರಿಯಾದ ಇವೆಂಟ್, ಟೈಪಿಂಗ್ ನಿಂತ ಮೇಲೆ ಓಡುವ ಟೈಮರ್ ಮತ್ತು ಪ್ರಾಮಿಸ್‌ನ (ಮುಂದೆ ಬರಲಿರುವ ಫಲಿತಾಂಶವನ್ನು ಸೂಚಿಸುವ ಆಬ್ಜೆಕ್ಟ್) ‘ದೆನ್’ ಈ ಮೂರೂ ಕರೆಯಬೇಕಿತ್ತು. ಮುಂದುವರಿಯುವ ಮೊದಲು, ಮೆಥಡ್ಡಿನ ಹೆಸರನ್ನಷ್ಟೇ ಮೂರೂ ಕಡೆ ಕೊಟ್ಟು, ಒಳಗೆ ‘ದಿಸ್’ (this, ಮೆಥಡ್ ಯಾವ ಆಬ್ಜೆಕ್ಟಿಗಾಗಿ ಓಡುತ್ತಿದೆ ಎಂದು ಸೂಚಿಸುವ ಪದ) ಏನಾಗಿರುತ್ತದೆ ಎಂದು ಕನ್ಸೋಲ್‌ನಲ್ಲಿ ನೋಡಿದೆ. ಮೂರು ಕಡೆ ಮೂರು ಉತ್ತರಗಳು ಬಂದವು.

ಸಾಮಾನ್ಯ ಫಂಕ್ಷನ್ನಿನ ‘ದಿಸ್’ ಅದನ್ನು ಎಲ್ಲಿ ಬರೆದಿದ್ದೇವೆ ಎಂಬುದರಿಂದಲ್ಲ, ಹೇಗೆ ಕರೆಯಲಾಯಿತು ಎಂಬುದರಿಂದ ನಿರ್ಧಾರವಾಗುತ್ತದೆ. ಮೆಥಡ್ಡನ್ನು ಕಾಲ್‌ಬ್ಯಾಕ್ ಆಗಿ, ಅಂದರೆ ಆಮೇಲೆ ಬೇರೆ ಕೋಡ್ ಕರೆಯಲೆಂದು, ಕೊಟ್ಟಾಗ ಹೋಗುವುದು ಫಂಕ್ಷನ್ ಮಾತ್ರ. ಅದು ಯಾವ ಆಬ್ಜೆಕ್ಟಿನದು ಎಂಬ ನೆನಪು ಜೊತೆಗೆ ಹೋಗುವುದಿಲ್ಲ.

ಪ್ರಾಮಿಸ್‌ನಲ್ಲಿ ‘ದಿಸ್’ ಅನ್‌ಡಿಫೈನ್ಡ್ ಆಗಿತ್ತು, ಏಕೆಂದರೆ ಕ್ಲಾಸಿನ ಒಳಭಾಗ ಯಾವಾಗಲೂ ಸ್ಟ್ರಿಕ್ಟ್ ಮೋಡ್‌ನಲ್ಲಿ (ಜಾವಾಸ್ಕ್ರಿಪ್ಟ್‌ನ ಬಿಗಿ ನಿಯಮಗಳ ಸ್ಥಿತಿ) ಇರುತ್ತದೆ. ಅಲ್ಲಿ ಟೈಪ್‌ಎರರ್ ಹುಟ್ಟಿ ಪ್ರಾಮಿಸ್ ರಿಜೆಕ್ಟ್ ಆಗುವುದರಿಂದ ದೋಷ ಬೇಗ ಕಣ್ಣಿಗೆ ಬೀಳುತ್ತದೆ. ಟೈಮರ್ ನಡೆಸುವ ಸೆಟ್‌ಟೈಮ್‌ಔಟ್ ಹಾಗಲ್ಲ: ಸ್ಟ್ರಿಕ್ಟ್ ಮೋಡ್ ಇದ್ದರೂ ಬ್ರೌಸರ್ ಅಲ್ಲಿ ವಿಂಡೋವನ್ನೇ ‘ದಿಸ್’ ಆಗಿ ಕೊಡುತ್ತದೆ, ಆದ್ದರಿಂದ ನಮ್ಮ ಫೀಲ್ಡ್ ಕೇಳಿದರೆ ಯಾವ ಎರರ್ ಇಲ್ಲದೆ ಅನ್‌ಡಿಫೈನ್ಡ್ ಸಿಗುತ್ತದೆ. ಎಲ್ಲಕ್ಕಿಂತ ಮೋಸದ್ದು ಇವೆಂಟ್ ಲಿಸನರ್ (ಇವೆಂಟ್ ನಡೆದಾಗ ಓಡುವ ಫಂಕ್ಷನ್). ಅಲ್ಲಿ ‘ದಿಸ್’ ಎಂದರೆ ಲಿಸನರ್ ಜೋಡಿಸಿದ ಎಲಿಮೆಂಟ್. ನನ್ನ ಕ್ಲಾಸಿನಲ್ಲಿಯೂ ಟೆಕ್ಸ್ಟ್‌ಏರಿಯಾದಲ್ಲಿಯೂ ‘ವ್ಯಾಲ್ಯೂ’ ಎಂಬ ಪ್ರಾಪರ್ಟಿ ಇದ್ದುದರಿಂದ, ತಪ್ಪು ಆಬ್ಜೆಕ್ಟಿನಿಂದ ಓದಿದರೂ ಸರಿಯಾದ ಪಠ್ಯವೇ ಬರುತ್ತಿತ್ತು.

ಟೈಮರ್ ಮತ್ತು ‘ದೆನ್’ ಎರಡಕ್ಕೂ ಆ್ಯರೋ ಫಂಕ್ಷನ್ ಸಾಕಾಯಿತು. ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂದ ಇದಕ್ಕೆ ತನ್ನದೇ ‘ದಿಸ್’ ಇಲ್ಲ. ತನ್ನನ್ನು ಬರೆದ ಜಾಗದ ‘ದಿಸ್’ ಅನ್ನೇ ಬಳಸುತ್ತದೆ. ‘ದಿಸ್’ ಅನ್ನು ‘ಸೆಲ್ಫ್’ ಎಂಬ ವೇರಿಯಬಲ್‌ನಲ್ಲಿ ಹಿಡಿದಿಡುವ ಹಳೆಯ ರೂಢಿ ಇದರಿಂದ ಅನಗತ್ಯವಾಯಿತು.

ಲಿಸನರ್‌ಗೆ ಇನ್ನೊಂದು ಷರತ್ತಿತ್ತು: ನಮೂನೆ ಮುಚ್ಚಿದಾಗ ಅದನ್ನು ತೆಗೆದುಹಾಕಬೇಕು, ತೆಗೆಯಲು ಜೋಡಿಸಿದ ಅದೇ ಫಂಕ್ಷನ್ನನ್ನು ಕೊಡಬೇಕು. 2009ರ ಆವೃತ್ತಿಯಿಂದ ಇರುವ, ಫಂಕ್ಷನ್ನಿನ ‘ದಿಸ್’ ಅನ್ನು ಒಂದು ಆಬ್ಜೆಕ್ಟಿಗೆ ಕಟ್ಟಿಹಾಕುವ ‘ಬೈಂಡ್’ ಪ್ರತಿ ಬಾರಿಯೂ ಹೊಸ ಫಂಕ್ಷನ್ ಕೊಡುವುದರಿಂದ, ಜೋಡಿಸುವಾಗ ಒಮ್ಮೆ, ತೆಗೆಯುವಾಗ ಇನ್ನೊಮ್ಮೆ ಬೈಂಡ್ ಮಾಡಿದರೆ ಲಿಸನರ್ ಸದ್ದಿಲ್ಲದೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಕನ್‌ಸ್ಟ್ರಕ್ಟರ್‌ನಲ್ಲಿ ಒಮ್ಮೆ ಬೈಂಡ್ ಮಾಡಿ, ಸಿಕ್ಕ ಫಂಕ್ಷನ್ನನ್ನು ಫೀಲ್ಡ್‌ನಲ್ಲಿ ಇಟ್ಟುಕೊಂಡೆ. ಕ್ಲಾಸ್ ಫೀಲ್ಡ್‌ನಲ್ಲೇ ಆ್ಯರೋ ಫಂಕ್ಷನ್ ಬರೆಯುವ ದಾರಿಯೂ ಇದೆ, ಆದರೆ ಅದು ಪ್ರೊಟೊಟೈಪ್‌ನಲ್ಲಿ (ಕ್ಲಾಸಿನ ಮೆಥಡ್ಡುಗಳನ್ನು ಎಲ್ಲರೂ ಹಂಚಿಕೊಳ್ಳುವ ಆಬ್ಜೆಕ್ಟ್) ಇರುವುದಿಲ್ಲವಾದ್ದರಿಂದ ಉಪಕ್ಲಾಸಿನಿಂದ ‘ಸೂಪರ್’ ಮೂಲಕ ಕರೆಯಲಾಗದು.

ಮುಂದೆ ಇವೆಂಟ್‌ಗಳು ಹೆಚ್ಚಿದಾಗ ಬೈಂಡ್ ಬಿಟ್ಟು, ‘ಹ್ಯಾಂಡಲ್‌ಇವೆಂಟ್’ ಎಂಬ ಮೆಥಡ್ ಬರೆದು, ಆ್ಯಡ್‌ಇವೆಂಟ್‌ಲಿಸನರ್‌ಗೆ ಫಂಕ್ಷನ್ ಬದಲು ಆಬ್ಜೆಕ್ಟನ್ನೇ ಕೊಟ್ಟೆ. ಆಗ ‘ದಿಸ್’ ಆ ಆಬ್ಜೆಕ್ಟೇ ಆಗಿರುತ್ತದೆ, ತೆಗೆಯುವಾಗಲೂ ಅದನ್ನೇ ಕೊಟ್ಟರಾಯಿತು. ಎಲಿಮೆಂಟ್ ಬೇಕೆನಿಸಿದ ಕಡೆ ಇವೆಂಟ್‌ನ ‘ಕರೆಂಟ್‌ಟಾರ್ಗೆಟ್’ನಿಂದ ಪಡೆಯುತ್ತೇನೆ.