ಇಳಿಜಾರು ಮೊದಲು, ಸಾಮಾನು ಆಮೇಲೆ

ತಂಗಿಯ ಮಗ ಮೊನ್ನೆ ಎರಡು ತಗಡಿನ ಚೂರು, ಒಂದು ಹೆಂಚು ಹಿಡಿದುಕೊಂಡು ಬಂದ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ದೊಡ್ಡಮ್ಮ, ಇದರಲ್ಲಿ ಯಾವುದು ಒಳ್ಳೆಯದು ಹೇಳಿ" ಎಂದ. ಹಳೆಯ ಸಿಮೆಂಟ್ ಶೀಟಿನ ಮನೆ ಅವನದು, ಛಾವಣಿ ಬದಲಿಸುವ ಕಾಲ ಬಂದಿದೆ. ನಾನು ಒಂದನ್ನೂ ಮುಟ್ಟಲಿಲ್ಲ. "ನಿನ್ನ ಛಾವಣಿಯ ಇಳಿಜಾರು ಎಷ್ಟು?" ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಬಣ್ಣ ಗೊತ್ತಿತ್ತು, ಕಂಪನಿ ಗೊತ್ತಿತ್ತು, ಎಷ್ಟು ವರ್ಷದ ಗ್ಯಾರಂಟಿ ಎಂಬುದು ಬಾಯಿಪಾಠವಾಗಿತ್ತು.

ನಗುವ ಅಧಿಕಾರ ನನಗೂ ಇಲ್ಲ. ಮನೆಯ ಹಿಂಭಾಗಕ್ಕೆ ಒಂದು ಕೋಣೆ ಸೇರಿಸಿದಾಗ, ಮುಂಭಾಗಕ್ಕೆ ಹೊಂದಬೇಕೆಂಬ ಒಂದೇ ಆಸೆಯಿಂದ ಅದಕ್ಕೂ ಹೆಂಚನ್ನೇ ಹೊದಿಸಿದೆ. ಇಳಿಜಾರು ಸಾಲದು ಎಂದು ಬಡಗಿ ಗೊಣಗಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನೆಟ್ಟಗೆ ಸುರಿದ ಮಳೆಗೆ ಏನೂ ಆಗಲಿಲ್ಲ. ಗಾಳಿಯ ಜೊತೆ ಬಂದ ಮೊದಲ ಮಳೆಗೆ ಮಾತ್ರ ನೀರು ಹೆಂಚಿನ ಅಂಚಿನಡಿ ನುಗ್ಗಿ, ಮೇಲ್ಮುಖವಾಗಿ ಹತ್ತಿ, ಒಳಗಿನ ಮಂಚದ ಮೇಲೆ ಇಳಿಯಿತು. ಒಂದು ಹೆಂಚೂ ಒಡೆದಿರಲಿಲ್ಲ, ಸರಿದಿರಲಿಲ್ಲ. ಹೆಂಚು ನೀರನ್ನು ತಡೆಯುವುದು ಬಿಗಿಯಾಗಿ ಮುಚ್ಚಿಕೊಂಡು ಅಲ್ಲ, ಬೇಗ ಕೆಳಗಿಳಿಸಿ. ಇಳಿಸಲು ಇಳಿಜಾರೇ ಇಲ್ಲದಿದ್ದರೆ ಪಾಪ, ಅದಾದರೂ ಏನು ಮಾಡೀತು?

ಅಳೆಯಲು ಎಂಜಿನಿಯರ್ ಬೇಕಾಗಿಲ್ಲ. ಒಂದು ಮೀಟರ್ ಉದ್ದದ ರಸಮಟ್ಟದ (ಗಾಳಿಗುಳ್ಳೆ ಇರುವ ಮಟ್ಟಪಟ್ಟಿ) ತುದಿಯನ್ನು ಒಳಗಿನಿಂದ ಪಕ್ಕಾಸಿನ, ಅಂದರೆ ಛಾವಣಿಯ ನೆತ್ತಿಯಿಂದ ಸೂರಿಗೆ ಇಳಿಯುವ ಮರದ, ಅಡಿಗೆ ತಾಗಿಸಿ, ಗುಳ್ಳೆ ನಡುವೆ ನಿಲ್ಲುವಂತೆ ನೆತ್ತಿಯ ಕಡೆಗೆ ಅಡ್ಡಲಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೇರ ಮೇಲಕ್ಕೆ, ಪಕ್ಕಾಸಿನವರೆಗೆ, ಟೇಪು ಹಿಡಿದು ನೋಡಿ. 50 ಸೆಂಟಿಮೀಟರಿನ ಮೇಲಿದ್ದರೆ ಹೆಂಚಿನ ಮಾತಾಡಬಹುದು. 58ರ ಹತ್ತಿರ, ಅಂದರೆ 30 ಡಿಗ್ರಿ ಇದ್ದರೆ ನಿಶ್ಚಿಂತೆ. ತಗಡಿನ ಶೀಟಿಗೆ 18 ಸೆಂಟಿಮೀಟರ್ ಧಾರಾಳ, ಇನ್ನೂ ಕಡಿಮೆಯಲ್ಲಿ ನಡೆಯುವ ಶೀಟುಗಳೂ ಇವೆ; ಆದರೆ ಇಳಿಜಾರು ತಗ್ಗಿದಷ್ಟೂ ಒಂದು ಶೀಟಿನ ಮೇಲೆ ಇನ್ನೊಂದು ಹೆಚ್ಚು ಹೊದ್ದುಕೊಳ್ಳಬೇಕು. ಹುಲ್ಲಿನ ಛಾವಣಿಗೆ ಮೀಟರಿಗೆ ಮೀಟರ್ ಏರು ಬೇಕು. ತಂಗಿಯ ಮಗ ಮನೆಗೆ ಹೋಗಿ ಅಳೆದು ಫೋನು ಮಾಡಿದ: 21. ಹೆಂಚು ಅಲ್ಲಿಗೇ ಆಟದಿಂದ ಹೊರಗಾಯಿತು.

ಇಳಿಜಾರು ಇದ್ದಿದ್ದರೂ ನಾನು ಎರಡನೆಯ ಪ್ರಶ್ನೆ ಕೇಳುತ್ತಿದ್ದೆ: ಕೆಳಗಿರುವ ಎಲುಬು ಎಷ್ಟು ಹೊರುತ್ತದೆ? ಹೆಂಚು ಒಂದು ಚದರ ಮೀಟರಿಗೆ 40ರಿಂದ 60 ಕಿಲೋ ತೂಗುತ್ತದೆ, ಮಳೆಯಲ್ಲಿ ನೀರು ಹೀರಿಕೊಂಡರೆ ಇನ್ನಷ್ಟು. ಸಿಮೆಂಟ್ ಶೀಟು 15 ಕಿಲೋ ಆಸುಪಾಸು. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಐದು ಕಿಲೋ ಕೂಡ ಇಲ್ಲ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿಯಾದರೆ 250 ಕಿಲೋ. ಶೀಟಿಗೆಂದು ನಿಲ್ಲಿಸಿದ ಪಕ್ಕಾಸು, ಅದಕ್ಕೆ ಅಡ್ಡ ಹೊಡೆದ ರೀಪುಗಳ ಮೇಲೆ ಹೆಂಚು ಏರಿಸಿದರೆ ಮರುದಿನವೇ ಬೀಳುವುದಿಲ್ಲ. ನಿಧಾನಕ್ಕೆ ನಡುವೆ ಜೋತುಬೀಳುತ್ತದೆ, ಹೆಂಚಿನ ಸಾಲು ಬಾಯಿ ಬಿಡುತ್ತದೆ, ಆಮೇಲೆ ನಾವು ಹೆಂಚನ್ನು ಬೈಯುತ್ತೇವೆ. ಇದಕ್ಕೆ ಉಲ್ಟಾ ತೊಂದರೆಯೂ ಉಂಟು. ಭಾರದ ಛಾವಣಿ ತನ್ನ ತೂಕದಿಂದಲೇ ಕುಳಿತಿರುತ್ತದೆ. ಹಗುರದ್ದನ್ನು ಗಾಳಿ ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಅತಿ ಹೆಚ್ಚಿರುವುದು ಮೂಲೆಗಳಲ್ಲಿ, ಅಂಚಿನಲ್ಲಿ, ನೆತ್ತಿಯಲ್ಲಿ. ಅಲ್ಲೆಲ್ಲ ತಿರುಪುಮೊಳೆ ಒತ್ತೊತ್ತಾಗಿ ಬೇಕು, ಪಕ್ಕಾಸನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಕಟ್ಟಿರಬೇಕು.

ಅವನ ಮನೆಯ ಹಳೆಯ ಸಿಮೆಂಟ್ ಶೀಟಿನ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಹಳೆಯ ಸಿಮೆಂಟ್ ಶೀಟು ಎಂದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆಯೆಂದೇ ತಿಳಿದು ನಡೆಯಬೇಕು. ಕಲ್ನಾರಿನ ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ತೊಂದರೆ ಶೀಟು ಸುಮ್ಮನೆ ಕುಳಿತಿರುವಾಗ ಅಷ್ಟಾಗಿ ಇಲ್ಲ. ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ ಏಳುವ ಕಣ್ಣಿಗೆ ಕಾಣದ ಎಳೆ ಎಳೆ ಧೂಳು ಶ್ವಾಸಕೋಶ ಹೊಕ್ಕರೆ ಹೊರಬರುವುದಿಲ್ಲ, ರೋಗ ಕಾಣಿಸಿಕೊಳ್ಳುವುದು ಎಷ್ಟೋ ಸಲ ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ನಂತರ. ಹಾಗಾಗಿ ಸುತ್ತಿಗೆಯಿಂದ ಕುಟ್ಟಿ ಕೆಳಗೆ ಬೀಳಿಸುವುದು ಬೇಡವೇ ಬೇಡ. ನೀರು ಚಿಮುಕಿಸಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಸಣ್ಣ ಧೂಳು ತಡೆಯುವ ಮುಖಗವಸು ಬೇಕು, ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಒಣ ಪೊರಕೆಯಲ್ಲಿ ಗುಡಿಸಬಾರದು. ಈ ಕೆಲಸ ಗೊತ್ತಿರುವವರು ಸಿಕ್ಕರೆ ಅವರಿಗೇ ಒಪ್ಪಿಸುವುದು ಮೇಲು. ಇಳಿಸಿದ್ದನ್ನು ಎಲ್ಲಿ ಹಾಕಬೇಕೆಂದು ಸ್ಥಳೀಯ ಆಡಳಿತವನ್ನು ಕೇಳಿ. ಹಿತ್ತಲ ದಾರಿಗೆ ಹಾಸಿದರೆ ಕಾಲಡಿಯಲ್ಲಿ ದಿನವೂ ಪುಡಿಯಾಗುತ್ತದೆ. ಹಾಂ, ಇನ್ನೊಂದು: ಹಳೆಯ ಶೀಟಿನ ಮೇಲೆ ಎಂದೂ ಕಾಲಿಡಬೇಡಿ. ಗಟ್ಟಿಯಾಗಿ ಕಾಣುತ್ತದೆ, ಮುನ್ಸೂಚನೆ ಕೊಡದೆ ಒಡೆದು ಮನುಷ್ಯನನ್ನು ನೇರ ನೆಲಕ್ಕೆ ಕಳಿಸುತ್ತದೆ. ಹಲಗೆ ಹಾಸಿಕೊಂಡೇ ಓಡಾಡಬೇಕು.

ಉಳಿದದ್ದು ತಗಡು. ಮಡಿಕೆ ತಗಡಿಗೆ 1829ರಲ್ಲಿ ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ ಎಂಬ ಎಂಜಿನಿಯರ್ ಪೇಟೆಂಟ್ ಪಡೆದ. ಕಾಗದವನ್ನು ಬೀಸಣಿಗೆಯಂತೆ ಮಡಿಸಿದರೆ ಹೇಗೆ ಬಾಗದೆ ನಿಲ್ಲುತ್ತದೆಯೋ ಅದೇ ಉಪಾಯ. ಆದ್ದರಿಂದ ಶೀಟಿನ ದಪ್ಪದಷ್ಟೇ ಅದರ ಮಡಿಕೆಯ ಎತ್ತರವನ್ನೂ ನೋಡಬೇಕು. ದಪ್ಪದ ವಿಷಯದಲ್ಲಿ ಒಂದು ಪ್ರಶ್ನೆ ಮರೆಯದೆ ಕೇಳಿ: "ಈ ಅರ್ಧ ಮಿಲಿಮೀಟರ್ ಬಣ್ಣ ಸೇರಿಸಿಯೋ, ಬಿಟ್ಟೋ?" ಬಣ್ಣ, ಅದರಡಿಯ ಸತುವಿನಂಥ ಲೇಪ ಎರಡೂ ಸೇರಿ 0.05 ಮಿಲಿಮೀಟರಿಗಿಂತ ಹೆಚ್ಚೇ ದಪ್ಪ ತೋರಿಸುತ್ತವೆ. ಭಾರ ಹೊರುವುದು ಒಳಗಿನ ಉಕ್ಕು ಮಾತ್ರ. ಎರಡು ಕಡೆ ಬೆಲೆ ಬೇರೆ ಬೇರೆ ಹೇಳಿದರೆ ಎಷ್ಟೋ ಸಲ ಗುಟ್ಟು ಇಲ್ಲೇ ಇರುತ್ತದೆ. ಲೇಪ ಎಷ್ಟು ಎಂಬುದನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಬರೆಯುತ್ತಾರೆ. ಸತುವಿನಲ್ಲಿ 120 ಗ್ರಾಮಿನದೂ ಸಿಗುತ್ತದೆ, 275 ಗ್ರಾಮಿನದೂ ಸಿಗುತ್ತದೆ. ಎರಡೂ ಹೊಸದರಲ್ಲಿ ಒಂದೇ ರೀತಿ ಹೊಳೆಯುತ್ತವೆ. ಅಲ್ಯುಮಿನಿಯಂ ಮತ್ತು ಸತು ಬೆರೆತ ಲೇಪ ಬರೀ ಸತುವಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ, ಆದರೆ ಹಸಿ ಸಿಮೆಂಟು ತಾಗಿದರೆ ಕೆಡುತ್ತದೆ. ಗಾರೆ ಕೆಲಸ ಮುಗಿಸಿಯೇ ಶೀಟು ಹೊದಿಸಿ. ಕಡಲ ಉಪ್ಪುಗಾಳಿ ಬಡಿಯುವ ಕಡೆ ಇಡೀ ಅಲ್ಯುಮಿನಿಯಂ ಶೀಟೇ ವಾಸಿ.

ನಮ್ಮ ಮನೆಯಲ್ಲಿ ಒಳ್ಳೆಯ ಶೀಟೇ ತಂದಿದ್ದೆವು. ಕೆಲಸದವರು ಅದನ್ನು ಛಾವಣಿಯ ಮೇಲೆಯೇ ಇಟ್ಟು ಗ್ರೈಂಡರಿನಲ್ಲಿ ಕತ್ತರಿಸಿದರು. ಕಿಡಿ ಹಾರುವುದನ್ನು ನಾನೂ ಕೆಳಗೆ ನಿಂತು ನೋಡುತ್ತಿದ್ದೆ, ಚೆನ್ನಾಗಿಯೇ ಕಾಣುತ್ತಿತ್ತು. ಕೆಲವೇ ವಾರಗಳಲ್ಲಿ ನೀಲಿ ಶೀಟಿನ ಮೇಲೆ ಕೆಂಪು ಎಳ್ಳು ಚೆಲ್ಲಿದ ಹಾಗೆ ತುಕ್ಕಿನ ಚುಕ್ಕೆ. ಕಾದ ಕಬ್ಬಿಣದ ಪುಡಿ ಬಣ್ಣದೊಳಗೆ ಹೂತು ಅಲ್ಲೇ ತುಕ್ಕು ಹಿಡಿದಿತ್ತು. ಕತ್ತರಿಸಿದ ಅಂಚಿನಲ್ಲೂ ಲೇಪ ಸುಟ್ಟುಹೋಗಿತ್ತು. ಶೀಟನ್ನು ತಗಡಿನ ಕತ್ತರಿಯಲ್ಲಿ, ನೆಲದ ಮೇಲೆ ಕತ್ತರಿಸಬೇಕು. ತೂತು ಕೊರೆದ ಪುಡಿಯನ್ನು ಅದೇ ಸಂಜೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ತಿರುಪುಮೊಳೆಯ ಕೆಳಗಿನ ರಬ್ಬರ್ ವಾಷರನ್ನು ಹತ್ತಿರದಿಂದ ನೋಡಿ: ಸುತ್ತಲೂ ಒಂದೇ ಸಮ ಸ್ವಲ್ಪವೇ ಉಬ್ಬಿ ಕುಳಿತಿದ್ದರೆ ಸರಿ. ಚಪ್ಪಟೆಯಾಗಿ ಹೊರಗೆ ಚಿಮ್ಮಿದ್ದರೆ ಅತಿಯಾಗಿ ಬಿಗಿದಿದ್ದಾರೆ, ಬಿಸಿಲಿಗೆ ಬಿರುಕು ಬಿಟ್ಟು ಅದೇ ಮೊದಲು ಸೋರುತ್ತದೆ.

ಬೆಳಕಿಗೆಂದು ನಡುವೆ ಒಂದೆರಡು ಪಾಲಿಕಾರ್ಬೊನೇಟ್ ಶೀಟು ಹಾಕಿಸುವುದಾದರೆ, ಅದು ಬಿಸಿಲಿಗೆ ಉಕ್ಕಿಗಿಂತ ಐದು ಪಟ್ಟು ಹಿಗ್ಗುತ್ತದೆ ಎಂಬುದು ನೆನಪಿರಲಿ. ಆರು ಮೀಟರಿನ ಉಕ್ಕಿನ ಶೀಟು 40 ಡಿಗ್ರಿ ಬಿಸಿಯೇರಿದರೆ ಮೂರು ಮಿಲಿಮೀಟರ್ ಬೆಳೆಯುತ್ತದೆ, ಪಾಲಿಕಾರ್ಬೊನೇಟ್ 15 ಮಿಲಿಮೀಟರ್. ತೂತು ಮೊಳೆಗಿಂತ ದೊಡ್ಡದಿರಬೇಕು. ಬಿಸಿಲು ತಡೆಯುವ ಲೇಪ ಒಂದೇ ಬದಿಗೆ ಇರುವ ಶೀಟಾದರೆ ಆ ಬದಿಯೇ ಮೇಲಕ್ಕೆ ಬರಬೇಕು. ಮೇಲಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿರುತ್ತದೆ, ಓದದೆ ಕಿತ್ತೆಸೆಯುವವರೇ ಜಾಸ್ತಿ.

ತಗಡು ಕಾಯುತ್ತದೆ, ಮಳೆಗೆ ಡೋಲು ಬಾರಿಸುತ್ತದೆ ಎಂಬ ದೂರು ನಿಜವೇ. ಬಣ್ಣ ಬಿಳಿಯದೋ ತೆಳುವಾದದ್ದೋ ಆದರೆ ಕಾವು ಅಲ್ಲಿಗೇ ಅರ್ಧ ಕೆಳಗಿಳಿದಂತೆ. ಕಡುಬಣ್ಣ ಚಂದ, ಸೆಕೆ ಅದಕ್ಕಿಂತ ಚಂದ! ಶೀಟಿನ ಕೆಳಗೆ ಹೊಳೆಯುವ ಹಾಳೆ ಹಾಸುತ್ತಾರೆ. ಅದರ ಹೊಳೆಯುವ ಮೈಗೆ ಎದುರಾಗಿ ಎರಡು ಮೂರು ಸೆಂಟಿಮೀಟರ್ ಗಾಳಿಯ ತೆರಪು ಇದ್ದರೆ ಮಾತ್ರ ಪ್ರಯೋಜನ, ಶೀಟಿಗೂ ಹಲಗೆಗೂ ನಡುವೆ ಒತ್ತಿ ಕೂರಿಸಿದರೆ ಅದು ಬರೀ ಅಲಂಕಾರ. ಸದ್ದಿಗೆ ಶಿಲೆಯ ಉಣ್ಣೆಯಂಥ (ರಾಕ್ ವೂಲ್) ಮೆತ್ತನೆಯ ಪದರವೇ ಬೇಕು. ಬಿಸಿ ಗಾಳಿ ಹೊರಹೋಗಲು ನೆತ್ತಿಯಲ್ಲಿ ದಾರಿ, ತಣ್ಣನೆಯದು ಒಳಬರಲು ಸೂರಿನಡಿ ದಾರಿ, ಎರಡೂ ಇರಲಿ. ಚಳಿಯ ರಾತ್ರಿ ಶೀಟಿನ ಒಳಮೈ ಬೆವರಿ ಹನಿ ಬೀಳುವುದೂ ಇದರಿಂದ ಕಡಿಮೆಯಾಗುತ್ತದೆ. ಎಷ್ಟೋ ಜನ ಆ ಹನಿಯನ್ನೇ ಸೋರಿಕೆ ಎಂದುಕೊಂಡು ಮೇಲೆ ಹತ್ತಿ ಡಾಂಬರು ಮೆತ್ತುತ್ತಾರೆ.

ಹೆಂಚೇ ಬೇಕೆನ್ನುವವರಿಗೆ, ಇಳಿಜಾರೂ ಇದ್ದರೆ, ಹೇಳುವುದು ಇಷ್ಟೇ. ಬೆರಳ ಗಂಟಿನಿಂದ ತಟ್ಟಿ ನೋಡಿ, ಕಂಚಿನಂತೆ ನುಡಿಯಬೇಕು. ಒಣ ಹೆಂಚನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ತೂಕ ಕಡಿಮೆ ಏರಿದ್ದು ಚೆನ್ನಾಗಿ ಬೆಂದ ಹೆಂಚು. ಹಿಮ ಬೀಳುವ ಕಡೆ ಇದು ಇನ್ನೂ ಮುಖ್ಯ, ಹೀರಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಹೆಂಚು ಪದರ ಪದರವಾಗಿ ಏಳುತ್ತದೆ. ತಾರಸಿಯವರಿಗೂ ಒಂದು ಮಾತು: ಮಟ್ಟಸ ತಾರಸಿ ಎಂಬುದು ಹೆಸರಿಗೆ ಮಾತ್ರ. ಮೀಟರಿಗೆ ಒಂದೂವರೆ ಸೆಂಟಿಮೀಟರಾದರೂ ಇಳಿಜಾರು ಕೊಟ್ಟಿರಬೇಕು, ಜಲನಿರೋಧಕ ಪದರ ಗೋಡೆಯ ಬುಡದಲ್ಲಿ ನಿಲ್ಲದೆ ಒಂದು ಗೇಣು ಮೇಲೇರಿರಬೇಕು.

ಏನೇ ಹೊದಿಸಿ, ಸೋರುವುದು ಹೆಚ್ಚಾಗಿ ಬಯಲಿನಂಥ ನಡುಭಾಗದಲ್ಲಿ ಅಲ್ಲ. ಶೀಟು ಗೋಡೆಗೆ ತಾಗುವಲ್ಲಿ, ಎರಡು ಇಳಿಜಾರು ಕೂಡುವ ಕಣಿವೆಯಲ್ಲಿ, ಹೊಗೆ ಕೊಳವೆಯ ಸುತ್ತ. ಗೋಡೆಗೆ ತಾಗುವ ತಗಡಿನ ಪಟ್ಟಿಯನ್ನು ಗೋಡೆಯಲ್ಲಿ ಗೀರು ಕೊರೆದು ಒಳಗೆ ಸೇರಿಸಿರಬೇಕು. ಬರೀ ಅಂಟು ಬಳಿದದ್ದು ಕೆಲವು ಬೇಸಿಗೆ ಕಳೆದರೆ ಸುಲಿದುಬರುತ್ತದೆ. ಸೋರಿದ ಮೇಲೆ ಹುಡುಕುವುದಾದರೆ ಹನಿ ಬೀಳುವ ಜಾಗದ ನೇರ ಮೇಲೆ ನೋಡಬೇಡಿ. ಆ ಹಿಂದಿನ ಕೋಣೆಯಲ್ಲಿ ಟಾರ್ಚು ಹಿಡಿದು ನಾನು ಕಂಡದ್ದು ಇದು: ನೀರು ರೀಪಿನ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಅಡಿ ನಡೆದು, ಒಂದು ಮೊಳೆಯ ತಲೆ ಸಿಕ್ಕಿದ್ದೇ ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಪೈಪಿನಲ್ಲಿ ಸೂರಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ನೀರು ಬಿಡುತ್ತ ಹೋಗಬೇಕು. ಮೇಲಿನಿಂದ ಬಿಟ್ಟರೆ ಎಲ್ಲಿ ಒಳಬಂತೆಂದು ತಿಳಿಯುವುದಿಲ್ಲ.

ಮಳೆನೀರು ಹಿಡಿಯುವ ಸೂರಿನ ದೋಣಿಗೂ ಲೆಕ್ಕ ಹಾಕಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಛಾವಣಿಗೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರ್. ಒಂದೇ ಸಣ್ಣ ಕೊಳವೆ ಇಟ್ಟರೆ ನೀರು ದೋಣಿಯ ಹಿಂದಿನಿಂದ ಉಕ್ಕಿ ಗೋಡೆಗೇ ಬರುತ್ತದೆ.

ತಂಗಿಯ ಮಗನ ಶೀಟುಗಳು ಬಂದಿವೆ. ಅಂಗಳದಲ್ಲಿ ಒಂದರ ಮೇಲೊಂದು ಮಲಗಿಸಿದ್ದ. ಹಾಗಿಟ್ಟು ನಡುವೆ ನೀರು ಕುಳಿತರೆ ಸತುವಿಗೆ ಬಿಳಿ ತುಕ್ಕು ಹಿಡಿಯುತ್ತದೆ ಎಂದು ಹೇಳಿ, ಒಂದು ತುದಿಗೆ ಇಟ್ಟಿಗೆ ಕೊಟ್ಟು ಓರೆಯಾಗಿಸಿ, ಮೇಲೆ ಗಾಳಿಯಾಡುವಂತೆ ಟಾರ್ಪಾಲು ಹೊದಿಸಿ ಬಂದೆ. ಅವನು ಅಂದು ತಂದಿದ್ದ ಹೆಂಚು ನನ್ನ ಮೇಜಿನ ಮೇಲೆಯೇ ಉಳಿದಿತ್ತು. ತಟ್ಟಿ ನೋಡಿದೆ, ಚೆನ್ನಾಗಿ ನುಡಿಯಿತು. ಈಗ ಹೂಕುಂಡದ ಅಡಿಯಲ್ಲಿದೆ.