ಮನೆಯಲ್ಲಿ ಹಿರಿಯರ ಆರೈಕೆ: ಒಂದು ನೋಟ್‌ಬುಕ್ಕಿನಿಂದ ಶುರು ಮಾಡಿ

ಮಂಡ್ಯದ ನಮ್ಮ ಮನೆಯಲ್ಲಿ ಅವ್ವನಿಗೆ ಈಗ 78. ಶುಗರ್, ಬಿಪಿ, ಮಂಡಿನೋವು ಮೂರೂ ಇವೆ. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರು, ಒಂದೊಂದು ಚೀಟಿ. ಎರಡು ವರ್ಷದ ಹಿಂದೆ ಅವ್ವನ ಕಾಲು ಊದಿಕೊಂಡಿತು. ‘ಎದ್ರೆ ತಲೆ ತಿರುಗ್ತದೆ ಕಣವ್ವ’ ಅಂತಲೂ ಹೇಳುತ್ತಿದ್ದಳು. ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದೆ. ಮಾತ್ರೆ ಪಟ್ಟಿಗಳನ್ನು ತಿರುಗಿಸಿ ನೋಡಿದಾಗ ಗೊತ್ತಾಯಿತು: ಎರಡು ಬೇರೆ ಹೆಸರಿನ ಮಾತ್ರೆಗಳಲ್ಲಿ ಇದ್ದದ್ದು ಒಂದೇ ಔಷಧ, ಬಿಪಿ ಇಳಿಸುವ ಆಮ್ಲೋಡಿಪಿನ್. ತಿಂಗಳುಗಟ್ಟಲೆ ಎರಡರಷ್ಟು ಕೊಟ್ಟಿದ್ದೆ.

ಹಾಗಾಗಿ ಮೊದಲ ಕೆಲಸ ಇದು. ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ತಟ್ಟೆಗೆ ಸುರಿಯಿರಿ. ದೊಡ್ಡ ಅಕ್ಷರದ ಕಂಪನಿ ಹೆಸರು ಬಿಡಿ, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ನಂತರವೋ, ಎಲ್ಲವೂ ಅಲ್ಲೇ ಇರಲಿ. ಒಂದೇ ಹೆಸರು ಎರಡು ಸಲ ಬಂದರೆ ಆ ದಿನವೇ ಡಾಕ್ಟರಿಗೆ ತೋರಿಸಿ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನೂ ಬರೆಯಿರಿ. ಅದು ಬಿಪಿ ಏರಿಸುತ್ತದೆ, ಕಿಡ್ನಿಗೆ ಹೊಡೆತ ಕೊಡುತ್ತದೆ. ಕೇಳದೆ ಕೊಡಲೇಬೇಡಿ.

ಬಿಪಿ ನೋಡುವುದಕ್ಕೂ ಒಂದು ಕ್ರಮವಿದೆ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ. ತಲೆಸುತ್ತು ಇರುವವರನ್ನು ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ನೋಡಿ, ಹಿಡಿದುಕೊಳ್ಳಲು ಪಕ್ಕದಲ್ಲೇ ಇರಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ರಾತ್ರಿ ಎದ್ದು ಬೀಳುವವರಲ್ಲಿ ಇಂಥವರು ಬಹಳ.

ಇನ್ನು ಊಟ. ನಮ್ಮ ಕಡೆ ಎರಡು ನಂಬಿಕೆ ಗಟ್ಟಿಯಾಗಿವೆ: ರಾಗಿ ತಿಂದರೆ ಶುಗರ್ ಬರಲ್ಲ, ಬೆಲ್ಲ ಸಕ್ಕರೆಯಷ್ಟು ಕೆಟ್ಟದ್ದಲ್ಲ. ಎರಡೂ ಸರಿಯಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಅದೂ ಪಿಷ್ಟವೇ. ಅಚ್ಚುಬೆಲ್ಲವೂ ಶುಗರ್ ಏರಿಸುತ್ತದೆ. ಹಾಗೆಂದು ಮುದ್ದೆ ಬಿಡಿಸಿದರೆ ಅವರಿಗೆ ಊಟವೇ ಮಾಡಿದಂತಾಗುವುದಿಲ್ಲ. ಮುದ್ದೆಯನ್ನು ಚಿಕ್ಕದು ಮಾಡಿ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು-ಕಾಳಿನ ಪಲ್ಯ ಅರ್ಧ ತಟ್ಟೆ ತುಂಬಲಿ. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕಕ್ಕೇ ಬರುತ್ತವೆ.

ನನಗೆ ಹೆಚ್ಚು ಭಯ ಶುಗರ್ ಇಳಿಯುವುದರದ್ದು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿಬರುವವರೆಗೆ ಉಪವಾಸ ಎನ್ನುತ್ತಾರೆ, ಮಾತ್ರೆ ಮಾತ್ರ ನುಂಗಿರುತ್ತಾರೆ. ಬೆವರು, ನಡುಕ, ಇದ್ದಕ್ಕಿದ್ದಂತೆ ಸಿಡುಕು, ತೊದಲು ಮಾತು ಕಂಡರೆ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಹರಕೆ ಉಪವಾಸವಿದ್ದರೆ ಮಾತ್ರೆ, ಇನ್ಸುಲಿನ್ ಹೇಗೆ ಬದಲಿಸಬೇಕೆಂದು ಮೊದಲೇ ಕೇಳಿಕೊಳ್ಳಿ.

ರಾತ್ರಿ ಮಲಗುವ ಮುನ್ನ ಅವರ ಅಂಗಾಲು, ಬೆರಳ ಸಂದಿಗಳನ್ನು ಟಾರ್ಚ್ ಹಿಡಿದು ನೋಡಿ. ಶುಗರ್ ಇರುವವರಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಹೋಗಬಹುದು. ಬಿಸಿನೀರಿನಲ್ಲಿ ಕಾಲಿಡಿಸುವುದೂ ಬೇಡ.

ಹಳೇ ಮನೆಗಳ ಬಚ್ಚಲು ಹಿತ್ತಲಲ್ಲಿರುತ್ತದೆ, ಗಾರೆ ನೆಲ ಒದ್ದೆಯಾದರೆ ಜಾರುತ್ತದೆ. ಹಾಸಿಗೆಯಿಂದ ಬಚ್ಚಲಿನವರೆಗೆ ದೀಪ, ಗೋಡೆಗೆ ಗಟ್ಟಿ ಹಿಡಿ, ಒಳಗೊಂದು ಪ್ಲಾಸ್ಟಿಕ್ ಕುರ್ಚಿ, ಇಷ್ಟು ಹಾಕಿಸಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಕೆಂಪು ಕಲೆ ಮಾಯವಾಗದೆ ಉಳಿದರೆ ಅದು ಹುಣ್ಣಿನ ಆರಂಭ.

ಕರೆದರೆ ಓಗೊಡದವರನ್ನು ಮರೆವು ಎಂದು ಬಿಟ್ಟುಬಿಡುವವರಿಗೆ ಒಂದು ಮಾತು: ಮೊದಲು ಕಿವಿ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ನಿನ್ನೆ ಚೆನ್ನಾಗಿದ್ದವರು ಇವತ್ತು ತಬ್ಬಿಬ್ಬಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕೂ ಹೀಗೆ ಮಾಡುತ್ತದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ಎಳೆದರೆ 108. ಶುರುವಾದ ಸಮಯವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಮಾತ್ರ.

ನೋಡಿಕೊಳ್ಳುವವರಿಗೂ ನಿದ್ದೆ ಬೇಕು. ಹಿರಿಯರ ಸಹಾಯವಾಣಿ 14567 ಇದೆ, ಸಲಹೆ ಬೇಕಾದಾಗ ಕರೆ ಮಾಡಿ. ನಮ್ಮಲ್ಲಿ ಭಾನುವಾರ ತಮ್ಮ ಮೈಸೂರಿನಿಂದ ಬರುತ್ತಾನೆ. ನೋಟ್‌ಬುಕ್ ತೆರೆದು ಬೆಳಗಿನ ಶುಗರ್, ಬಿಪಿ ಓದಿಕೊಳ್ಳುತ್ತಾನೆ, ಮಧ್ಯಾಹ್ನದ ಮಾತ್ರೆ ತಾನೇ ಕೊಟ್ಟು ಗುರುತು ಹಾಕುತ್ತಾನೆ. ಆ ಹೊತ್ತು ನಾನು ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತೇನೆ.